ಮೇಪಲ್ ಬೀದಿಗೆ ಬಂದ ರಾಕ್ಷಸರು ಯಾರು?

1960ರ ಮಾರ್ಚ್ 4ರ ಶುಕ್ರವಾರ ರಾತ್ರಿ ಅಮೆರಿಕದ ಸಿಬಿಎಸ್ ಟೆಲಿವಿಷನ್ ಜಾಲದಲ್ಲಿ ಅರ್ಧ ಗಂಟೆಯ ಕಪ್ಪು-ಬಿಳುಪು ನಾಟಕವೊಂದು ಪ್ರಸಾರವಾಯಿತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಮೇಪಲ್ ಬೀದಿಗೆ ರಾಕ್ಷಸರು ಬರಲಿದ್ದಾರೆ’ ಎಂದಾಗುತ್ತದೆ. ಪ್ರತಿ ವಾರ ಒಂದೊಂದು ಬಿಡಿ ಕಥೆ ಹೇಳುತ್ತಿದ್ದ ‘ದಿ ಟ್ವಿಲೈಟ್ ಝೋನ್’ ಎಂಬ ಮಾಲಿಕೆಯ ಮೊದಲ ವರ್ಷದ 22ನೇ ಕಂತು ಅದು. ಬರೆದವನು ಮಾಲಿಕೆಯ ನಿರ್ಮಾತೃ ರಾಡ್ ಸರ್ಲಿಂಗ್, ನಿರ್ದೇಶಿಸಿದವನು ರೊನಾಲ್ಡ್ ವಿನ್‌ಸ್ಟನ್. ಅಗ್ಗದ ಸೆಟ್ಟು, ಒಂದೇ ಬೀದಿ, ಹತ್ತಿಪ್ಪತ್ತು ಜನ ಪಾತ್ರಧಾರಿಗಳು. ಕೊನೆಗೆ ಕಾಣಿಸಿಕೊಳ್ಳುವ ಅನ್ಯಗ್ರಹದವರ ಉಡುಪು ಮತ್ತು ಹಾರುವ ತಟ್ಟೆಯ ದೃಶ್ಯ ಕೂಡ 1956ರ ‘ಫರ್ಬಿಡನ್ ಪ್ಲಾನೆಟ್’ ಎಂಬ ಚಲನಚಿತ್ರದಿಂದ ಎರವಲು ತಂದದ್ದು.

ಆದರೂ ಆರು ದಶಕಗಳು ಕಳೆದ ಮೇಲೂ ಈ ಕಂತು ಮರೆಯಾಗಿಲ್ಲ. ಅದರ ಚಿತ್ರಕಥೆ ಅಮೆರಿಕದ ಶಾಲಾ ಪಠ್ಯಗಳಲ್ಲಿ ಸೇರಿತು. ಅನ್ಯೋಕ್ತಿ ಎಂದರೇನು, ವಿಪರ್ಯಾಸ ಎಂದರೇನು, ಮುನ್ಸೂಚನೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಕಲಿಸಲು ಅಲ್ಲಿನ ಅಧ್ಯಾಪಕರು ಇದನ್ನು ಉದಾಹರಣೆಯಾಗಿ ಬಳಸುತ್ತ ಬಂದರು. ಆದರೆ ಈ ತಂತ್ರಗಳು ಸರ್ಲಿಂಗ್‌ಗೆ ಅಲಂಕಾರಗಳಾಗಿರಲಿಲ್ಲ. ನೇರವಾಗಿ ಹೇಳಹೊರಟ ಮಾತನ್ನು ಹೇಳಗೊಡದೆ ಇದ್ದಾಗ ಅವನು ಕಂಡುಕೊಂಡ ಹಿಂಬಾಗಿಲು ಅವು. ಆ ಮಾತು ಯಾವುದು, ಹಿಂಬಾಗಿಲಿನಿಂದ ಬರುವಾಗ ಅದು ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂದು ನೋಡುವುದು ಬೀದಿಯ ಕಥೆಯಷ್ಟೇ ಸ್ವಾರಸ್ಯದ ಸಂಗತಿ.

ಸಂಜೆ 6 ಗಂಟೆ 43 ನಿಮಿಷ

ಬೇಸಿಗೆಯ ಕೊನೆಯ ದಿನಗಳ ಒಂದು ಶನಿವಾರ ಸಂಜೆ. ಸಾಲುಮರಗಳ ಮೇಪಲ್ ಬೀದಿಯಲ್ಲಿ ಎಲ್ಲವೂ ಎಂದಿನಂತಿದೆ. ಒಬ್ಬಾತ ಕಾರು ತೊಳೆಯುತ್ತಿದ್ದಾನೆ, ಮಕ್ಕಳು ಆಡುತ್ತಿದ್ದಾರೆ, ಐಸ್‌ಕ್ರೀಮ್ ಮಾರುವವನು ಗಂಟೆ ಬಾರಿಸುತ್ತ ಬಂದಿದ್ದಾನೆ. ಗಡಿಯಾರ 6.43 ತೋರಿಸುವ ಹೊತ್ತಿಗೆ ಆಕಾಶದಲ್ಲಿ ಭಾರಿ ಸದ್ದು, ಕಣ್ಣು ಕೋರೈಸುವ ಬೆಳಕು. ಉಲ್ಕೆಯೇ ಇರಬೇಕೆಂದು ಜನ ಮಾತಾಡಿಕೊಳ್ಳುತ್ತಾರೆ. ಆಮೇಲೆ ನೋಡಿದರೆ ಕರೆಂಟಿಲ್ಲ. ಟೆಲಿಫೋನ್ ಸತ್ತಿದೆ. ರೇಡಿಯೊ ಮಾತಾಡುವುದಿಲ್ಲ. ಕಾರುಗಳು ಶುರುವಾಗುವುದಿಲ್ಲ.

ಪಕ್ಕದ ಬೀದಿಯಲ್ಲೂ ಹೀಗೆಯೇ ಆಗಿದೆಯೇ ನೋಡಿ ಬರುತ್ತೇನೆಂದು ಪೀಟ್ ವ್ಯಾನ್ ಹಾರ್ನ್ ಎಂಬಾತ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ. ಸ್ಟೀವ್ ಮತ್ತು ಚಾರ್ಲಿ ಪೇಟೆಗೆ ಹೋಗಿ ಪೊಲೀಸರನ್ನು ವಿಚಾರಿಸುವುದೆಂದು ಎದ್ದಾಗ ಟಾಮಿ ಎಂಬ ಹುಡುಗ ತಡೆಯುತ್ತಾನೆ. ಹೋಗಬೇಡಿ, ಅವರಿಗೆ ಅದು ಇಷ್ಟವಿಲ್ಲ ಎನ್ನುತ್ತಾನೆ. ಅವರು ಎಂದರೆ ಯಾರು? ಬೇರೆ ಲೋಕದಿಂದ ಬಂದವರು. ತಾನು ಓದಿದ ಕಥೆಗಳಲ್ಲೆಲ್ಲ ಹೀಗೇ ಆಗುತ್ತದೆ, ಬರುವ ಮೊದಲು ಅವರು ಒಂದು ಕುಟುಂಬವನ್ನು ಕಳಿಸಿರುತ್ತಾರೆ, ತಂದೆ ತಾಯಿ ಇಬ್ಬರು ಮಕ್ಕಳು, ನೋಡಿದರೆ ಮನುಷ್ಯರಂತೆಯೇ ಇರುತ್ತಾರೆ ಎಂದು ಹುಡುಗ ವಿವರಿಸುತ್ತಾನೆ.

ದೊಡ್ಡವರು ನಗುತ್ತಾರೆ. ಆದರೆ ನಗು ಬೇಗ ನಿಂತುಹೋಗುತ್ತದೆ. ಅಷ್ಟರಲ್ಲಿ ಲೆಸ್ ಗುಡ್‌ಮನ್ ಎಂಬಾತನ ಕಾರು ಯಾರೂ ಮುಟ್ಟದೆ ತಾನಾಗಿ ಗುಡುಗುಡು ಎಂದು ಶುರುವಾಗುತ್ತದೆ. ಎಲ್ಲರ ಕಾರೂ ನಿಂತಿರುವಾಗ ಇವನದು ಮಾತ್ರ ಏಕೆ? ಒಬ್ಬ ಹೆಂಗಸಿಗೆ ನೆನಪಾಗುತ್ತದೆ: ಈತ ಎಷ್ಟೋ ರಾತ್ರಿ ಮನೆಯ ಮುಂದೆ ನಿಂತು ಆಕಾಶ ನೋಡುತ್ತಿರುತ್ತಾನೆ. ಗುಡ್‌ಮನ್ ತನಗೆ ನಿದ್ರೆ ಬಾರದ ಕಾಯಿಲೆ ಎನ್ನುತ್ತಾನೆ. ಯಾರೂ ನಂಬುವುದಿಲ್ಲ.

ಕತ್ತಲಾಗುತ್ತದೆ. ಬೀದಿಯ ಜನ ಗುಡ್‌ಮನ್‌ನ ಮನೆಯನ್ನು ಕಾವಲು ಕಾಯುತ್ತ ಕುಳಿತಿರುತ್ತಾರೆ. ತಾಳ್ಮೆಯಿಂದಿರಿ ಎಂದು ಹೇಳುತ್ತ ಬಂದ ಸ್ಟೀವ್‌ನ ಮೇಲೆ ಈಗ ಅನುಮಾನ ತಿರುಗುತ್ತದೆ. ಅವನ ಮನೆಯಲ್ಲಿ ಹವ್ಯಾಸಿ ರೇಡಿಯೊ ಯಂತ್ರವಿದೆಯಂತೆ, ಅದರಲ್ಲಿ ಯಾರ ಜೊತೆ ಮಾತಾಡುತ್ತಾನೆ? ಆಗ ದೂರದ ಕತ್ತಲಲ್ಲಿ ಒಂದು ಆಕೃತಿ ನಡೆದುಬರುವುದು ಕಾಣುತ್ತದೆ. ಚಾರ್ಲಿ ಸ್ಟೀವ್‌ನ ಕೈಯಿಂದ ಬಂದೂಕು ಕಿತ್ತುಕೊಂಡು ಗುಂಡು ಹಾರಿಸುತ್ತಾನೆ. ಬಿದ್ದವನು ಪೀಟ್ ವ್ಯಾನ್ ಹಾರ್ನ್. ಪಕ್ಕದ ಬೀದಿಯ ಸುದ್ದಿ ತರಲು ಹೋಗಿದ್ದವನು.

ಮುಂದಿನದು ಕೆಲವೇ ನಿಮಿಷಗಳ ಕೆಲಸ. ಚಾರ್ಲಿಯ ಮನೆಯ ದೀಪ ಹೊತ್ತಿಕೊಳ್ಳುತ್ತದೆ. ಹಾಗಾದರೆ ಕೊಂದದ್ದು ಸಾಕ್ಷಿಯ ಬಾಯಿ ಮುಚ್ಚಿಸಲೆಂದೇ ಇರಬೇಕು! ಜನ ಅವನ ಮೇಲೆ ಕಲ್ಲು ತೂರುತ್ತಾರೆ. ರಕ್ತ ಸುರಿಯುವ ಹಣೆಯೊಂದಿಗೆ ಚಾರ್ಲಿ ಟಾಮಿಯತ್ತ ಬೆರಳು ತೋರಿಸುತ್ತಾನೆ: ಎಲ್ಲವೂ ಮೊದಲೇ ಗೊತ್ತಿದ್ದವನು ಈ ಹುಡುಗನೇ ಅಲ್ಲವೇ? ಒಂದು ಮನೆಯ ದೀಪ ಹೊತ್ತಿ ಆರುತ್ತದೆ, ಇನ್ನೊಂದರದು ಹೊತ್ತಿಕೊಳ್ಳುತ್ತದೆ. ಇಡೀ ಬೀದಿ ಕಲ್ಲು, ಬಂದೂಕು, ಕಿರುಚಾಟದ ಕಾಳಗವಾಗುತ್ತದೆ.

ದೂರದ ಗುಡ್ಡದ ಮೇಲೆ ಇಬ್ಬರು ನಿಂತು ಇದನ್ನೆಲ್ಲ ನೋಡುತ್ತಿದ್ದಾರೆ. ಅವರು ಅನ್ಯಗ್ರಹದವರು. ಒಬ್ಬ ಇನ್ನೊಬ್ಬನಿಗೆ ವಿವರಿಸುತ್ತಾನೆ: ಇವರ ಕೆಲವು ಯಂತ್ರಗಳನ್ನು ನಿಲ್ಲಿಸಿ ಕೆಲವು ಗಂಟೆ ಕತ್ತಲಲ್ಲಿ ಬಿಟ್ಟರೆ ಸಾಕು, ತಮ್ಮ ಅತ್ಯಂತ ಅಪಾಯಕಾರಿ ಶತ್ರುವನ್ನು ಅವರೇ ಹುಡುಕಿಕೊಳ್ಳುತ್ತಾರೆ, ಆ ಶತ್ರು ಅವರೇ. ಜಗತ್ತಿನಲ್ಲಿ ಇಂಥ ಬೀದಿಗಳು ಲೆಕ್ಕವಿಲ್ಲದಷ್ಟಿವೆ, ಒಂದೊಂದಾಗಿ ಮುಗಿಸುತ್ತ ಹೋದರಾಯಿತು.

ಹುಡುಗ ಹೇಳಿದ ಅರ್ಧ ಸತ್ಯ

ಈ ಕಥೆಯಲ್ಲಿ ಮೊದಲು ಗಮನಿಸಬೇಕಾದದ್ದು ಟಾಮಿಯ ಮಾತು. ಮಕ್ಕಳ ಕಥೆಪುಸ್ತಕದ ಕಲ್ಪನೆಯೆಂದು ದೊಡ್ಡವರು ನಗುವ ಆ ಮಾತು ಮುಂದೆ ನಡೆಯುವುದರ ಮುನ್ಸೂಚನೆ. ಸ್ವಾರಸ್ಯವೆಂದರೆ ಆ ಮಾತು ಅರ್ಧ ನಿಜ. ಹೊರಗಿನವರು ನಿಜಕ್ಕೂ ಬಂದಿದ್ದಾರೆ. ದೀಪ ಆರಿಸಿದವರೂ ಅವರೇ. ಸುಳ್ಳಾದದ್ದು ಮಾತಿನ ಉಳಿದರ್ಧ, ಅಂದರೆ ಅವರ ಕಡೆಯವರು ನಮ್ಮ ನಡುವೆಯೇ ಇದ್ದಾರೆ ಎಂಬ ಭಾಗ. ಬೀದಿಯ ಜನ ನಂಬಿದ್ದು ಆ ಸುಳ್ಳರ್ಧವನ್ನು ಮಾತ್ರ. ಎಲ್ಲರೂ ತಮ್ಮ ನೆರೆಹೊರೆಯನ್ನು ನೋಡುತ್ತಿದ್ದಾರೆಯೇ ಹೊರತು ಒಬ್ಬನೂ ತಲೆಯೆತ್ತಿ ಗುಡ್ಡದ ಕಡೆ ನೋಡುವುದಿಲ್ಲ.

ಆದ್ದರಿಂದ ಶತ್ರುವೇ ಇಲ್ಲ, ಎಲ್ಲವೂ ಭ್ರಮೆ ಎಂದು ಸರ್ಲಿಂಗ್ ಹೇಳುತ್ತಿಲ್ಲ. ಶತ್ರುವಿದ್ದಾನೆ, ಆದರೆ ನಿಮ್ಮ ಭಯವೇ ಅವನ ಕೆಲಸ ಮಾಡಿಕೊಡುತ್ತಿದೆ ಎಂಬುದು ಅವನ ವಾದ. ಇದು ಹೆಚ್ಚು ಕಠಿಣವಾದ ಮಾತು, ಭಯಪಡಲು ಕಾರಣವಿದ್ದಾಗಲೂ ನ್ಯಾಯವಾಗಿರಬೇಕೆಂದು ಕೇಳುವ ಮಾತು.

ಎರಡನೆಯದು ಸಾಕ್ಷ್ಯದ ಸ್ವರೂಪ. ಆಕಾಶ ನೋಡುವುದು, ರೇಡಿಯೊ ಇಟ್ಟುಕೊಳ್ಳುವುದು ನಿನ್ನೆಯವರೆಗೆ ನಿದ್ರೆ ಬಾರದವನ ಅಭ್ಯಾಸ, ಹವ್ಯಾಸಿಯ ಹುಚ್ಚು. ಇಂದು ಅವೇ ಅಪರಾಧದ ಗುರುತುಗಳು. ಕೃತ್ಯಗಳು ಬದಲಾಗಿಲ್ಲ, ನೋಡುವ ಕಣ್ಣು ಬದಲಾಗಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿ ತಪ್ಪಿತಸ್ಥ ತಾನಾಗಿ ಸಿಕ್ಕಿಬೀಳುತ್ತಾನೆ. ಮೇಪಲ್ ಬೀದಿಯಲ್ಲಿ ಹೆಗಲು ಮುಟ್ಟಿಕೊಂಡವನೂ ಕಳ್ಳ, ಮುಟ್ಟಿಕೊಳ್ಳದೆ ಸುಮ್ಮನೆ ನಿಂತವನೂ ಕಳ್ಳ. ಗುಡ್‌ಮನ್ ಉತ್ತರ ಕೊಟ್ಟರೆ ಅದು ನೆಪ. ಸ್ಟೀವ್ ಉತ್ತರ ಕೊಡಲು ನಿರಾಕರಿಸಿ ವ್ಯಂಗ್ಯವಾಡಿದರೆ ಅದು ತಪ್ಪೊಪ್ಪಿಗೆ.

ಮೊದಲ ಆರೋಪಿಗೆ ಗುಡ್‌ಮನ್, ಅಂದರೆ ‘ಒಳ್ಳೆಯ ಮನುಷ್ಯ’ ಎಂದು ಹೆಸರಿಟ್ಟದ್ದು ಸರಳವಾದ ವಿಪರ್ಯಾಸ. ಅದಕ್ಕಿಂತ ಆಳವಾದದ್ದು ಪೀಟ್ ವ್ಯಾನ್ ಹಾರ್ನ್‌ನ ಸಾವು. ಬೀದಿಯಲ್ಲಿ ಎಲ್ಲರೂ ಊಹೆ ಮಾಡುತ್ತಿರುವಾಗ ಹೋಗಿ ನೋಡಿಬರೋಣ ಎಂದವನು ಅವನೊಬ್ಬನೇ. ನಿಜ ಸಂಗತಿ ಅವನ ಕಾಲ್ನಡಿಗೆಯಲ್ಲಿ ಬೀದಿಯ ಕಡೆಗೆ ಬರುತ್ತಿತ್ತು. ಅದು ತಲುಪುವ ಮೊದಲೇ ಜನ ಅದನ್ನು ಗುಂಡಿಕ್ಕಿ ಕೊಂದರು. ಕಥೆಯಲ್ಲಿ ಸಾಯುವ ಮೊದಲ ವ್ಯಕ್ತಿ ಸುದ್ದಿ ತರುವವನಾಗಿರುವುದು ಆಕಸ್ಮಿಕವಲ್ಲ.

ಬೆಳಕಿನ ಬಳಕೆಯೂ ಹಾಗೆಯೇ. ಸಾಮಾನ್ಯ ಭಯದ ಕಥೆಗಳಲ್ಲಿ ಕತ್ತಲೆ ಅಪಾಯದ ಪ್ರತೀಕ, ಬೆಳಕು ರಕ್ಷಣೆಯದು. ಇಲ್ಲಿ ಅದು ತಿರುಗುಮುರುಗಾಗಿದೆ. ಯಾರ ಮನೆಯಲ್ಲಿ ದೀಪ ಹೊತ್ತಿತೋ ಅವನ ಗತಿ ಮುಗಿಯಿತು. ಜನ ದೀಪಕ್ಕಾಗಿ ಕಾಯುತ್ತಿದ್ದರು, ಬಂದ ದೀಪವೇ ಅವರ ಪಾಲಿಗೆ ಆರೋಪಪಟ್ಟಿಯಾಯಿತು.

ಇವೆಲ್ಲಕ್ಕೆ ಚೌಕಟ್ಟು ಹಾಕಿದ್ದು ನಿರೂಪಕನ ಧ್ವನಿ. ಸರ್ಲಿಂಗ್ ಈ ಕಂತಿನಲ್ಲಿ ತೆರೆಯ ಮೇಲೆ ಬರುವುದಿಲ್ಲ, ಆರಂಭಕ್ಕೂ ಅಂತ್ಯಕ್ಕೂ ಅವನ ಮಾತು ಮಾತ್ರ ಕೇಳುತ್ತದೆ. ಯಕ್ಷಗಾನದ ಭಾಗವತನಂತೆ ಅವನು ಪಾತ್ರಗಳ ಜಗಳದೊಳಗೆ ಇಳಿಯದೆ ಪ್ರಸಂಗವನ್ನು ನಡೆಸುತ್ತಾನೆ. ಕೊನೆಯಲ್ಲಿ ಮಾತ್ರ ನೋಡುಗರ ಕಡೆ ತಿರುಗಿ, ಪೂರ್ವಗ್ರಹ ಮತ್ತು ಅನುಮಾನಗಳು ಕೂಡ ಕೊಲ್ಲುವ ಆಯುಧಗಳು, ಹರಕೆಯ ಕುರಿಯನ್ನು ಹುಡುಕುವ ಹುಚ್ಚಿನ ಫಲ ಮುಂದಿನ ಮಕ್ಕಳಿಗೂ ತಟ್ಟುತ್ತದೆ ಎಂಬ ಅರ್ಥದ ಮಾತು ಹೇಳುತ್ತಾನೆ. ಇದು ಕಲ್ಪನಾಲೋಕಕ್ಕೆ ಸೀಮಿತವಾದ ವಿಷಯವಲ್ಲ ಎಂದು ಸೇರಿಸುವುದನ್ನೂ ಮರೆಯುವುದಿಲ್ಲ.

ಹೆಸರು ಹೇಳು, ಬಿಡುಗಡೆ ಪಡೆ

1960ರ ಪ್ರೇಕ್ಷಕನಿಗೆ ಈ ಕಥೆ ಯಾವುದರ ಬಗ್ಗೆ ಎಂದು ವಿವರಿಸಬೇಕಾಗಿರಲಿಲ್ಲ. 1950ರ ಫೆಬ್ರುವರಿ 9ರಂದು ಸೆನೆಟರ್ ಜೋಸೆಫ್ ಮೆಕಾರ್ಥಿ ವೆಸ್ಟ್ ವರ್ಜೀನಿಯಾದ ವೀಲಿಂಗ್ ಪಟ್ಟಣದಲ್ಲಿ ಮಾತನಾಡುತ್ತ ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿದ್ದಾರೆ, ಅವರ ಪಟ್ಟಿ ತನ್ನ ಬಳಿ ಇದೆ ಎಂದು ಘೋಷಿಸಿದ್ದ. ಅದಕ್ಕೂ ಮೊದಲೇ, 1947ರಲ್ಲಿ, ಪ್ರತಿನಿಧಿ ಸಭೆಯ ಸಮಿತಿಯೊಂದು ಹಾಲಿವುಡ್ಡಿನ ಲೇಖಕರನ್ನೂ ನಿರ್ದೇಶಕರನ್ನೂ ಕರೆಸಿ ವಿಚಾರಿಸಲು ತೊಡಗಿತ್ತು. 1950ರ ಜೂನ್‌ನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ರೇಡಿಯೊ ಮತ್ತು ಟೆಲಿವಿಷನ್ ರಂಗದ 151 ಜನರ ಹೆಸರು ಪ್ರಕಟಿಸಿತು. ಅದರಲ್ಲಿ ಹೆಸರಿದ್ದ ಅನೇಕರಿಗೆ ಕೆಲಸ ಸಿಗದಂತಾಯಿತು.

ಆ ಸಮಿತಿಯ ಮುಂದೆ ನಿಂತವನಿಗೆ ಪಾರಾಗಲು ಒಂದು ದಾರಿ ಇತ್ತು. ಬೇರೆಯವರ ಹೆಸರು ಹೇಳಬೇಕು. ನಾಟಕಕಾರ ಆರ್ಥರ್ ಮಿಲ್ಲರ್ 1956ರಲ್ಲಿ ಹಾಗೆ ಹೇಳಲು ನಿರಾಕರಿಸಿದ್ದಕ್ಕೆ 1957ರಲ್ಲಿ ಶಾಸಕಾಂಗ ನಿಂದನೆಯ ಅಪರಾಧಿಯಾದ, 1958ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಮೇಪಲ್ ಬೀದಿಯ ಕಥಾಸರಪಳಿ ಇದೇ ನಿಯಮವನ್ನು ಅನುಸರಿಸುತ್ತದೆ. ಗುಡ್‌ಮನ್‌ನಿಂದ ಸ್ಟೀವ್‌ಗೆ, ಚಾರ್ಲಿಯಿಂದ ಟಾಮಿಗೆ ಆರೋಪ ಕೈಯಿಂದ ಕೈಗೆ ದಾಟುತ್ತದೆ. ಮೊದಲ ಆರೋಪಿಯಾದ ಗುಡ್‌ಮನ್ ಕೂಡ ಕೊನೆಗೆ ಚಾರ್ಲಿಯ ಮೇಲೆ ಬೆರಳು ತೋರಿಸುವವರ ಸಾಲಿಗೆ ಸೇರುತ್ತಾನೆ. ತನ್ನ ಮೈಮೇಲಿನ ಅನುಮಾನವನ್ನು ಕಳಚಲು ಅದನ್ನು ಇನ್ನೊಬ್ಬನಿಗೆ ತೊಡಿಸುವುದೊಂದೇ ಉಪಾಯ. ಈ ವರ್ತುಲಕ್ಕೆ ಅಂತ್ಯವಿಲ್ಲ, ಅದು ಹುಡುಗನೊಬ್ಬನನ್ನೂ ಬಿಡುವುದಿಲ್ಲ.

1954ರ ಡಿಸೆಂಬರ್ 2ರಂದು ಸೆನೆಟ್ ಮೆಕಾರ್ಥಿಗೆ ಛೀಮಾರಿ ಹಾಕಿತು. 1957ರ ಮೇ ತಿಂಗಳಲ್ಲಿ ಅವನು ತೀರಿಕೊಂಡ. ಆದರೆ ಅದೇ ವರ್ಷದ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು, ಅಮೆರಿಕದ ಜನ ಆಕಾಶವನ್ನು ಹೊಸ ಆತಂಕದಿಂದ ನೋಡತೊಡಗಿದರು. ಆಕಾಶದಲ್ಲೊಂದು ಸದ್ದು, ಬೀದಿಯಲ್ಲೊಂದು ಗುಸುಗುಸು ಎಂದರೆ ಆ ಕಾಲದ ನೋಡುಗರಿಗೆ ಎದೆ ಝಲ್ಲೆನ್ನಲು ಅಷ್ಟೇ ಸಾಕಾಗಿತ್ತು.

ಹೇಳಗೊಡದ ಕಥೆ

ಇದು ಈ ಕಂತಿನ ಬಗ್ಗೆ ಸಾಮಾನ್ಯವಾಗಿ ಹೇಳುವ ವಿವರಣೆ. ಆದರೆ ಇದರ ಹಿಂದೆ ಇನ್ನೊಂದು ಕಥೆ ಇದೆ, ಅದು ಶೀತಲ ಸಮರದ್ದಲ್ಲ.

ರಾಡ್ ಸರ್ಲಿಂಗ್ ಹುಟ್ಟಿದ್ದು 1924ರ ಡಿಸೆಂಬರ್ 25ರಂದು, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಯಹೂದಿ ಕುಟುಂಬವೊಂದರಲ್ಲಿ. ಬೆಳೆದದ್ದು ಅದೇ ರಾಜ್ಯದ ಬಿಂಗ್‌ಹ್ಯಾಂಟನ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟ್ ದಳದ ಸೈನಿಕನಾಗಿ ಫಿಲಿಪ್ಪೀನ್ಸ್‌ನಲ್ಲಿ ಹೋರಾಡಿ ಗಾಯಗೊಂಡು ಮರಳಿದ. ‘ಪ್ಯಾಟರ್ನ್ಸ್’ (1955), ‘ರಿಕ್ವಿಯಮ್ ಫಾರ್ ಎ ಹೆವಿವೇಟ್’ (1956) ಎಂಬ ಟೆಲಿವಿಷನ್ ನಾಟಕಗಳಿಂದ ಅವನ ಹೆಸರು ಮನೆಮಾತಾಯಿತು. ಆಗ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಕಂಪನಿ ಪ್ರಾಯೋಜಕ. ಹಣ ಕೊಡುವವರಿಗೆ ಚಿತ್ರಕಥೆಯ ಸಾಲುಗಳ ಮೇಲೂ ಹಕ್ಕಿತ್ತು.

1955ರ ಆಗಸ್ಟ್ 28ರಂದು ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಅಪಹರಿಸಿ ಕೊಲ್ಲಲಾಯಿತು. ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಅವನ ಮೇಲಿದ್ದ ಆರೋಪ, ಅಂಗಡಿಯಲ್ಲಿದ್ದ ಬಿಳಿಯ ಹೆಂಗಸಿನೊಂದಿಗೆ ಸಲಿಗೆಯಿಂದ ವರ್ತಿಸಿದನೆಂಬುದು. ಸೆಪ್ಟೆಂಬರ್‌ನಲ್ಲಿ ಬಿಳಿಯರೇ ತುಂಬಿದ್ದ ಪಂಚರ ಮಂಡಳಿ ಇಬ್ಬರು ಆರೋಪಿಗಳನ್ನು ಬಿಡುಗಡೆ ಮಾಡಿತು. ಮುಂದಿನ ಜನವರಿಯಲ್ಲಿ ಆ ಇಬ್ಬರೂ ‘ಲುಕ್’ ಪತ್ರಿಕೆಯ ಪುಟಗಳಲ್ಲಿ ತಾವೇ ಕೊಂದದ್ದಾಗಿ ಹೇಳಿಕೊಂಡರು.

ಸರ್ಲಿಂಗ್ ಇದರ ಬಗ್ಗೆ ಬರೆಯಲು ಹೊರಟ. ‘ನೂನ್ ಆನ್ ಡೂಮ್ಸ್‌ಡೇ’ ಎಂಬ ನಾಟಕ 1956ರ ಏಪ್ರಿಲ್ 25ರಂದು ಪ್ರಸಾರವಾಗುವ ಹೊತ್ತಿಗೆ ಅದರಲ್ಲಿ ಟಿಲ್‌ನ ಸುಳಿವೇ ಉಳಿದಿರಲಿಲ್ಲ. ಇದು ಟಿಲ್ ಪ್ರಕರಣದ ಕಥೆಯೆಂದು ಪತ್ರಿಕೆಗಳಲ್ಲಿ ಬಂದೊಡನೆ ದಕ್ಷಿಣದ ಬಿಳಿಯರ ಸಂಘಗಳಿಂದ ಬಹಿಷ್ಕಾರದ ಬೆದರಿಕೆ ಬಂದಿತ್ತು. ಕೊಲೆಯಾದವನು ಯಾವುದೋ ಗುರುತಿಲ್ಲದ ಪರದೇಶಿಯಾದ, ಊರು ದಕ್ಷಿಣದಿಂದ ಉತ್ತರದ ನ್ಯೂ ಇಂಗ್ಲೆಂಡಿಗೆ ಹೋಯಿತು. ಸರ್ಲಿಂಗ್ ಆಮೇಲೆ ಹೇಳಿಕೊಂಡಂತೆ, ಸೆಟ್ಟಿನಲ್ಲಿದ್ದ ಕೋಕಾ-ಕೋಲಾ ಬಾಟಲಿಗಳನ್ನು ಕೂಡ ತೆಗೆಸಿದರು, ಅವು ದಕ್ಷಿಣವನ್ನು ನೆನಪಿಸುತ್ತವೆ ಎಂಬ ಕಾರಣಕ್ಕೆ. ಎರಡು ವರ್ಷಗಳ ಬಳಿಕ, 1958ರ ಜೂನ್‌ನಲ್ಲಿ, ‘ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್’ ಎಂಬ ನಾಟಕದಲ್ಲಿ ಅವನು ಮತ್ತೆ ಪ್ರಯತ್ನಿಸಿದ. ಈ ಸಲ ಕಥೆಯನ್ನು ಹತ್ತೊಂಬತ್ತನೆಯ ಶತಮಾನಕ್ಕೆ ಅಟ್ಟಿದರು, ಬಲಿಯಾದವನು ಮೆಕ್ಸಿಕೊದ ಹುಡುಗನಾದ.

ಕತ್ತರಿ ಸರ್ಲಿಂಗ್ ಒಬ್ಬನಿಗೇ ಸೀಮಿತವಾಗಿರಲಿಲ್ಲ. 1959ರ ಏಪ್ರಿಲ್‌ನಲ್ಲಿ ನಾತ್ಸಿ ಅಪರಾಧಿಗಳ ವಿಚಾರಣೆಯ ಬಗೆಗಿನ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ನಾಟಕ ಪ್ರಸಾರವಾದಾಗ ‘ಗ್ಯಾಸ್’ ಎಂಬ ಪದ ಬಂದಲ್ಲೆಲ್ಲ ಧ್ವನಿ ಅಡಗಿಸಲಾಯಿತು. ಲಕ್ಷಾಂತರ ಜನರನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದ ವಿಷಯ ಹೇಳುವ ನಾಟಕದ ಪ್ರಾಯೋಜಕರು ಅಡುಗೆ ಅನಿಲದ ವ್ಯಾಪಾರಿಗಳ ಸಂಘ!

ಇಂಥ ಅನುಭವಗಳಿಂದ ಸರ್ಲಿಂಗ್ ಕಲಿತ ಪಾಠ ವಿಚಿತ್ರವಾದದ್ದು. ಸೆನೆಟ್‌ನ ಒಳಗಿನ ರಾಜಕೀಯದ ಬಗ್ಗೆ ಬರೆದ ‘ದಿ ಅರೀನಾ’ (1956) ನಾಟಕದಲ್ಲಿ ಸೆನೆಟರುಗಳು ಆ ಹೊತ್ತಿನ ಯಾವ ವಿಷಯವನ್ನೂ ಚರ್ಚಿಸುವಂತಿರಲಿಲ್ಲ. ಅದೇ ಕಥೆಯನ್ನು ನೂರು ವರ್ಷ ಮುಂದಕ್ಕೆ ತಳ್ಳಿ ಸೆನೆಟ್ಟಿನಲ್ಲಿ ಯಂತ್ರಮಾನವರನ್ನು ಕೂರಿಸಿದ್ದರೆ ಎಲ್ಲವನ್ನೂ ಹೇಳಬಹುದಿತ್ತು ಎಂದು ಅವನು ಆಮೇಲೆ ಬರೆದ. 1959ರ ಅಕ್ಟೋಬರ್ 2ರಂದು ‘ದಿ ಟ್ವಿಲೈಟ್ ಝೋನ್’ ಆರಂಭವಾಗುವ ಕೆಲವೇ ದಿನ ಮೊದಲು ಪತ್ರಕರ್ತ ಮೈಕ್ ವಾಲೇಸ್ ಸಂದರ್ಶನದಲ್ಲಿ, ಹಾಗಾದರೆ ನೀವು ಗಂಭೀರವಾದದ್ದನ್ನು ಬರೆಯುವ ಆಸೆ ಬಿಟ್ಟಿರಾ ಎಂಬ ಧಾಟಿಯಲ್ಲಿ ಕೆಣಕಿದ. ಐದು ತಿಂಗಳ ಬಳಿಕ ಮೇಪಲ್ ಬೀದಿಯ ಕಂತು ಪ್ರಸಾರವಾಯಿತು. ಗುಂಪೊಂದು ನಿರಪರಾಧಿಯನ್ನು ಕೊಲ್ಲುವ ಕಥೆ, ಸರ್ಲಿಂಗ್ ಮೊದಲಿನಿಂದ ಹೇಳಹೊರಟಿದ್ದ ಕಥೆ, ಯಾವ ಪ್ರಾಯೋಜಕನ ಕತ್ತರಿಗೂ ಸಿಕ್ಕದೆ ಮನೆಮನೆ ತಲುಪಿತು. ಅನ್ಯಗ್ರಹದವರಿಗೆ ಬಹಿಷ್ಕಾರ ಹಾಕುವ ಸಂಘಗಳು ಎಲ್ಲೂ ಇರಲಿಲ್ಲ.

ಲಾಭ ನಷ್ಟದ ಲೆಕ್ಕ

ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವುದಕ್ಕೆ ನಮ್ಮ ಆಲಂಕಾರಿಕರು ಅನ್ಯೋಕ್ತಿ ಎಂದು ಹೆಸರಿಟ್ಟರು. ಅರಸನಿಗೆ ನೇರವಾಗಿ ಹೇಳಲಾಗದ್ದನ್ನು ನರಿಯ ಬಾಯಲ್ಲೋ ಕಾಗೆಯ ಬಾಯಲ್ಲೋ ಹೇಳಿಸುವ ಪಂಚತಂತ್ರದ ಜಾಡು ನಮಗೆ ಹೊಸದಲ್ಲ. ಪ್ರಭುವಿನ ಕೋಪದಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಈ ಉಪಾಯ ಸರ್ಲಿಂಗ್‌ನ ಕಾಲಕ್ಕೆ ಜಾಹೀರಾತುದಾರನ ಕೋಪದಿಂದ ತಪ್ಪಿಸಿಕೊಳ್ಳಲು ಬಂದಿತು.

ಆದರೆ ಈ ಉಪಾಯಕ್ಕೆ ಬೆಲೆಯೂ ಇದೆ. ಮೇಪಲ್ ಬೀದಿಯನ್ನು ಮತ್ತೊಮ್ಮೆ ನೋಡಿದರೆ ಅದು ಗೊತ್ತಾಗುತ್ತದೆ. ಆ ಬೀದಿಯಲ್ಲಿ ಒಂದೂ ಕಪ್ಪು ಮುಖವಿಲ್ಲ. ಕೊಲ್ಲುವವರೂ ಬಿಳಿಯರು, ಸಾಯುವವನೂ ಬಿಳಿಯ. ಅನುಮಾನ ಯಾರ ಮೇಲೆ ಬೇಕಾದರೂ ಬೀಳಬಹುದು ಎಂಬಂತೆ ದೀಪಗಳು ಮನೆಯಿಂದ ಮನೆಗೆ ಹಾರುತ್ತವೆ. ಮಿಸಿಸಿಪ್ಪಿಯಲ್ಲಿ ಹಾಗಿರಲಿಲ್ಲ. ಅಲ್ಲಿ ದೀಪ ಯಾರ ಮನೆಯಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದು ಹುಟ್ಟಿನಿಂದಲೇ ನಿರ್ಧಾರವಾಗಿತ್ತು. ಎಲ್ಲ ಮನುಷ್ಯರಲ್ಲೂ ಪೂರ್ವಗ್ರಹವಿದೆ ಎಂಬ ಮಾತು ನಿಜ. ಆದರೆ ಅದನ್ನು ಅಷ್ಟಕ್ಕೇ ನಿಲ್ಲಿಸಿದರೆ, ಯಾರು ಯಾರನ್ನು ಕೊಂದರು, ಯಾವ ಪಂಚರ ಮಂಡಳಿ ಯಾರನ್ನು ಬಿಟ್ಟಿತು ಎಂಬ ಪ್ರಶ್ನೆ ಕರಗಿಹೋಗುತ್ತದೆ. ಎಲ್ಲರೂ ತಪ್ಪಿತಸ್ಥರೆಂದರೆ ಯಾರೂ ತಪ್ಪಿತಸ್ಥರಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಕತ್ತರಿ ಹಾಕಿದವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಲಾಭದ ಕಡೆಯೂ ಸಣ್ಣದಲ್ಲ. ‘ನೂನ್ ಆನ್ ಡೂಮ್ಸ್‌ಡೇ’ಯನ್ನು ಇಂದು ನೆನೆಯುವವರು ವಿದ್ವಾಂಸರು ಮಾತ್ರ. ಮೇಪಲ್ ಬೀದಿಯನ್ನು ಶಾಲಾಮಕ್ಕಳು ಓದುತ್ತಾರೆ. ಹೆಸರಿಲ್ಲದ ಊರಾದ್ದರಿಂದ ಅದು ಯಾವ ಊರೂ ಆಗಬಲ್ಲದು. 2003ರಲ್ಲಿ ಹೊಸ ‘ಟ್ವಿಲೈಟ್ ಝೋನ್’ ಮಾಲಿಕೆ ಈ ಕಥೆಯನ್ನು ಮತ್ತೆ ಎತ್ತಿಕೊಂಡಿತು. ಸೆಪ್ಟೆಂಬರ್ 11ರ ದಾಳಿಯ ನಂತರದ ಕಾಲವದು. ಆ ರೂಪದಲ್ಲಿ ಬೀದಿಯ ದೀಪ ಆರಿಸಿದವರು ಅನ್ಯಗ್ರಹದವರಲ್ಲ, ಭಯೋತ್ಪಾದನೆಯ ಭಯಕ್ಕೆ ಜನ ಹೇಗೆ ವರ್ತಿಸುತ್ತಾರೆಂದು ಪರೀಕ್ಷಿಸುತ್ತಿದ್ದ ಅವರದೇ ಸೈನ್ಯದವರು. ಗುಡ್ಡದ ಮೇಲೆ ನಿಂತವರು ಬದಲಾದರು, ಬೀದಿಯವರು ಮಾತ್ರ ಹಾಗೆಯೇ ಉಳಿದರು.

ಮುರ್ಕಿಯ ದಾರಿಯಲ್ಲಿ

ಈ ಕಥೆ ಎಷ್ಟು ದೂರ ಬರಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 2018ರ ಬೇಸಿಗೆಯಿಂದ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ದೇಶದ ಹಲವು ರಾಜ್ಯಗಳಲ್ಲಿ ಹರಿದಾಡಿದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಇದೇ ಅನುಮಾನದಿಂದ ಹೊಡೆದು ಕೊಂದರು. ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದೇ ಸಾಕ್ಷ್ಯವಾಯಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೆ ಸುದ್ದಿ ಅವರಿಗಿಂತ ಮುಂದೆ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿದ ಗುಂಪಿನ ಕೈಯಲ್ಲಿ ಅವರಲ್ಲೊಬ್ಬ, ಒಬ್ಬ ಎಂಜಿನಿಯರ್, ಜೀವ ಕಳೆದುಕೊಂಡ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಲು ಮುಂದಾಯಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಇಲ್ಲೊಂದು ವ್ಯತ್ಯಾಸವಿದೆ, ಅದನ್ನು ಸರ್ಲಿಂಗ್ ಊಹಿಸಿರಲಿಲ್ಲ. ಅವನ ಅನ್ಯಗ್ರಹದವರು ಟೆಲಿಫೋನನ್ನು ಸಾಯಿಸಬೇಕಾಗಿತ್ತು. ಒಬ್ಬರೊಡನೊಬ್ಬರು ಮಾತಾಡಲು, ವಿಚಾರಿಸಿ ತಿಳಿಯಲು ದಾರಿ ಇಲ್ಲದಾಗ ಜನ ಹುಚ್ಚರಾಗುತ್ತಾರೆಂದು ಅವನು ನಂಬಿದ್ದ. 2018ರಲ್ಲಿ ಕರೆಂಟಿತ್ತು, ಕಾರು ಓಡುತ್ತಿತ್ತು, ಪ್ರತಿಯೊಬ್ಬರ ಜೇಬಿನಲ್ಲೂ ಫೋನು ಬೆಳಗುತ್ತಿತ್ತು. ಕತ್ತಲೆ ಆ ಬೆಳಕಿನೊಳಗಿನಿಂದಲೇ ಬಂತು. ಯಂತ್ರಗಳನ್ನು ನಿಲ್ಲಿಸುವ ಅಗತ್ಯವೇ ಇರಲಿಲ್ಲ.

ಬದಲಾಗದೆ ಉಳಿದದ್ದು ಉಳಿದ ಭಾಗ. ಆಕಾಶ ನೋಡುವವನು, ಮಕ್ಕಳಿಗೆ ಸಿಹಿ ಕೊಡುವವನು ಹಿಂದಿನ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪರಾಧಿ ಬೇಕೆಂದು ಜನ ನಿಶ್ಚಯಿಸಿದ ಕ್ಷಣದಲ್ಲಿ ಅವನ ನಿರುಪದ್ರವಿ ಕೃತ್ಯವೇ ಅವನ ಕೊರಳಿಗೆ ಬರುತ್ತದೆ. ಆ ಕ್ಷಣದಲ್ಲಿ ಬೇಕಾಗಿರುವುದು ಪಕ್ಕದ ಬೀದಿಗೆ ನಡೆದುಹೋಗಿ ನಿಜ ಏನೆಂದು ನೋಡಿಬರುವ ಒಬ್ಬ ಪೀಟ್ ವ್ಯಾನ್ ಹಾರ್ನ್, ಮತ್ತು ಅವನು ಹಿಂದಿರುಗಿ ಬರುವವರೆಗೆ ಬಂದೂಕು ಎತ್ತದೆ ಕಾಯುವಷ್ಟು ತಾಳ್ಮೆ. ಮೇಪಲ್ ಬೀದಿಯಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.